ಏಡಿಯ ನರದಿಂದ ನ್ಯೂರೋಪೆಪ್ಟೈಡ್: ಮೆಥನಾಲ್, ಬಿಸಿ, ಇಲ್ಲಾ ನೇರ ಪ್ಲೇಟಿಗೆ?

ಏಡಿ, ಲಾಬ್‌ಸ್ಟರ್‌ಗಳ ನ್ಯೂರೋಪೆಪ್ಟೈಡ್ ಮೇಲೆ, ಅಂದರೆ ನರಕೋಶಗಳು ಸಂದೇಶಕ್ಕೆ ಬಳಸುವ ಅಮೈನೋ ಆಮ್ಲಗಳ ಚಿಕ್ಕ ಸರಪಳಿಗಳ ಮೇಲೆ, ಕೆಲಸ ಶುರುಮಾಡುವ ವಿದ್ಯಾರ್ಥಿಗಳು ಮೊದಲು ಕೇಳುವುದು ಅವನ್ನು ತೂಗುವ ಯಂತ್ರದ ಬಗ್ಗೆ. ಮಾಲ್ಡಿ (ಪ್ಲೇಟಿನ ಮೇಲಿನ ಮಾದರಿಯನ್ನು ಲೇಸರ್‌ನಿಂದ ಎತ್ತಿ ತೂಗುವುದು) ಒಳ್ಳೇದಾ, ಆರ್ಬಿಟ್ರಾಪ್ (ಅಯಾನುಗಳನ್ನು ಸುತ್ತಿಸಿ ತೂಗುವುದು) ಒಳ್ಳೇದಾ ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೇದು ಇದು: ಪ್ರಾಣಿಯ ಮೈಯಿಂದ ನರ ಹೊರಗೆ ಬಂದ ಮೇಲೆ ಮೊದಲ ಕೆಲವು ನಿಮಿಷ ಅದನ್ನು ಏನು ಮಾಡುತ್ತೀರಿ? ಅಲ್ಲಿ ತಪ್ಪಿದರೆ ಎಷ್ಟು ದುಬಾರಿ ಯಂತ್ರ ಇದ್ದರೂ ಅದು ತೋರಿಸುವುದು ಏಡಿ ಮಾಡಿದ ಪೆಪ್ಟೈಡ್ ಅಲ್ಲ, ನಮ್ಮ ಟ್ಯೂಬಿನಲ್ಲಿ ಹುಟ್ಟಿದ ಪೆಪ್ಟೈಡ್.

ಅಮೆರಿಕದ ಈಶಾನ್ಯ ಕರಾವಳಿಯ ಒಂದು ಲ್ಯಾಬಿನಲ್ಲಿ ಜೋನಾ ಏಡಿ ಮತ್ತು ಅಮೆರಿಕನ್ ಲಾಬ್‌ಸ್ಟರ್ ಎರಡರ ಮೇಲೂ ನಾನು ಈ ಕೆಲಸ ಮಾಡಿದ್ದೇನೆ. ಮೂರು ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಆಸಿಡ್ ಬೆರೆಸಿದ ತಣ್ಣನೆಯ ಮೆಥನಾಲ್ ಒಂದು, ಮೊದಲು ಬಿಸಿ ಕೊಟ್ಟು ಆಮೇಲೆ ಅದೇ ಮೆಥನಾಲ್ ಇನ್ನೊಂದು, ಏನೂ ತೆಗೆಯದೆ ನರದ ಚೂರನ್ನೇ ನೇರ ಮಾಲ್ಡಿ ಪ್ಲೇಟಿನ ಮೇಲೆ ಇಡುವುದು ಮೂರನೇದು. ಆಮೇಲೆ ಯಂತ್ರ, ಆಮೇಲೆ ಹೆಸರು ಹಿಡಿಯುವ ಕೆಲಸ.

ಹಳೆಯವರು ಹೇಗೆ ಮಾಡುತ್ತಿದ್ದರು ಅನ್ನುವುದನ್ನು ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ಈಗಿನ ಸುಖ ಅದರಿಂದಲೇ ಅರ್ಥವಾಗುವುದು. 1972ರಲ್ಲಿ ಫರ್ನ್‌ಲುಂಡ್ ಮತ್ತು ಯೋಸೆಫ್‌ಸನ್ ಸೀಗಡಿಯ ಕಣ್ಣಿನ ಕಾಂಡದಿಂದ ಕೆಂಪು ಬಣ್ಣವನ್ನು ಒಟ್ಟುಗೂಡಿಸುವ ಹಾರ್ಮೋನಿನ ರಚನೆ ಬಿಡಿಸಿದರು. ಎಂಟೇ ಅಮೈನೋ ಆಮ್ಲ. 1975ರಲ್ಲಿ ಸ್ಟಾರಟ್ ಮತ್ತು ಬ್ರೌನ್ ಪ್ರೋಕ್ಟೋಲಿನ್ ಅನ್ನುವ ಪೆಪ್ಟೈಡ್ ತೆಗೆದಾಗ 1,25,000 ಜಿರಳೆ ಬೇಕಾಯಿತು, ಸಿಕ್ಕಿದ್ದು 180 ಮೈಕ್ರೋಗ್ರಾಂ. ಜಿರಳೆ ಕೀಟ ನಿಜ, ಆದರೆ ಅದೇ ಪ್ರೋಕ್ಟೋಲಿನ್ ಆಮೇಲೆ ಲಾಬ್‌ಸ್ಟರ್ ಮತ್ತು ಏಡಿಗಳಲ್ಲೂ ಸಿಕ್ಕಿತು. 1992ರಲ್ಲಿ ಆರ್ಕೋಕೈನಿನ್ ಅನ್ನುವ ಪೆಪ್ಟೈಡ್ ಹಿಡಿಯೋಕೆ ಸುಮಾರು 1200 ಸಿಹಿನೀರಿನ ಕ್ರೇಫಿಶ್‌ಗಳ ಹೊಟ್ಟೆಯ ನರಹುರಿ ಹೋಯಿತು. ಮಿಶ್ರಣವನ್ನು ಭಾಗಭಾಗವಾಗಿ ಬೇರ್ಪಡಿಸುವ ಎಚ್‌ಪಿಎಲ್‌ಸಿಯಿಂದ ಬಂದ ಒಂದೊಂದು ಭಾಗವನ್ನೂ ಕರುಳಿನ ತುಂಡಿನ ಮೇಲೆ ಹಾಕಿ, ಯಾವುದಕ್ಕೆ ಕರುಳು ಮಿಡಿಯುತ್ತದೆ ಅಂತ ನೋಡಿ ಮುಂದೆ ಹೋಗುತ್ತಿದ್ದರು. ಆ ದಾರಿಯ ಒಂದು ದೊಡ್ಡ ಗುಣವನ್ನು ನಾವು ಕಳೆದುಕೊಂಡಿದ್ದೇವೆ. ಅವರಿಗೆ ಪೆಪ್ಟೈಡ್ ಸಿಕ್ಕಾಗಲೇ ಅದು ಏನೋ ಕೆಲಸ ಮಾಡುತ್ತದೆ ಅಂತ ಗೊತ್ತಿರುತ್ತಿತ್ತು. ನಮಗೆ ಇವತ್ತು ಒಂದೇ ಪ್ರಾಣಿಯಿಂದ ಪೀಕುಗಳ (ಒಂದೊಂದು ತೂಕದ ಜಾಗದಲ್ಲಿ ಏಳುವ ಮೊನೆಗಳ) ಸಾಲೇ ಸಿಗುತ್ತದೆ, ಆದರೆ ಪೀಕ್ ಇದೆ ಅನ್ನುವುದಷ್ಟೇ ಗೊತ್ತು.

ಈಗ ತಣ್ಣನೆಯ ಮೆಥನಾಲ್. ಎಲ್ಲರೂ ಕಲಿಯುವುದು ಇದನ್ನೇ. ಮೆಥನಾಲ್ 90, ಅಸಿಟಿಕ್ ಆಸಿಡ್ 9, ನೀರು 1, ಈ ಅನುಪಾತ. ಪ್ರಾಣಿಯನ್ನು ಸುಮಾರು ಅರ್ಧ ಗಂಟೆ ಮಂಜುಗಡ್ಡೆಯಲ್ಲಿ ಹೂತು ಮರಗಟ್ಟಿಸಿ, ತಣ್ಣನೆಯ ಸಲೈನ್‌ನಲ್ಲಿ ನರ ಬಿಡಿಸಿ, ಈ ದ್ರಾವಣಕ್ಕೆ ಹಾಕಿ ಅರೆದು, ಸೆಂಟ್ರಿಫ್ಯೂಜ್ ತಿರುಗಿಸಿ, ಮೇಲಿನ ದ್ರವ ತೆಗೆದು ಒಣಗಿಸಬೇಕು. ದೊಡ್ಡ ಪ್ರೋಟೀನುಗಳು ಹೆಚ್ಚಿನಂಶ ಕೆಳಗೆ ಕೂರುತ್ತವೆ, ಸಣ್ಣ ಪೆಪ್ಟೈಡುಗಳು ಮೇಲೆ ಉಳಿಯುತ್ತವೆ. ಅಗ್ಗ, ಸುಲಭ. ಮೆದುಳು, ಎದೆಯ ನರಗಂಟು, ಪೆರಿಕಾರ್ಡಿಯಲ್ ಆರ್ಗನ್ ಎಲ್ಲಕ್ಕೂ ನಡೆಯುತ್ತದೆ. ಪೆರಿಕಾರ್ಡಿಯಲ್ ಆರ್ಗನ್ ಅಂದರೆ ಹೃದಯದ ಸುತ್ತಲಿನ ಕೋಣೆಯ ಗೋಡೆಗೆ ಅಂಟಿಕೊಂಡಿರುವ ನರಜಾಲ. ಹಾರ್ಮೋನುಗಳನ್ನು ನೇರ ರಕ್ತಕ್ಕೆ ಬಿಡುವ ಜಾಗ ಅದು. 1987ರಲ್ಲಿ ಸ್ಟಾಂಗಿಯರ್ ಮತ್ತು ಜೊತೆಗಾರರು ಯುರೋಪಿನ ಹಸಿರು ಏಡಿಯ ಇದೇ ಅಂಗದಿಂದ ಹೃದಯ ಚುರುಕುಗೊಳಿಸುವ ಸಿಸಿಎಪಿ ಅನ್ನುವ ಪೆಪ್ಟೈಡ್ ತೆಗೆದರು. ಹೊಸಬರಿಗೆ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಅಂಗ ಇಲ್ಲ. ಪೆಪ್ಟೈಡ್ ತುಂಬಿ ತುಳುಕುತ್ತಿರುತ್ತದೆ.

ಆದರೆ ಮೆಥನಾಲ್ ಒಂದು ಆಟ ಆಡುತ್ತದೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಈ ಬರಹದ ಮುಖ್ಯ ಮಾತು ಇದೇ.

ಲಾಬ್‌ಸ್ಟರ್‌ನ ಕಣ್ಣಿನ ಕಾಂಡದ ನರಗಂಟುಗಳನ್ನು ಹೀಗೆ ಮೆಥನಾಲ್‌ಗೆ ಹಾಕಿ ತೆಗೆದರೆ ಎಂ/ಝಡ್ (ಅಯಾನಿನ ತೂಕವನ್ನು ಅದರ ಚಾರ್ಜ್‌ನಿಂದ ಭಾಗಿಸಿದ್ದು) 1270.57ರಲ್ಲಿ ಚಂದದ ಒಂದು ಪೀಕ್ ನಿಂತಿರುತ್ತದೆ. ಚೂರು ಮಾಡಿ ಓದಿದರೆ ಅದು ಆರ್ಕೋಕೈನಿನ್‌ನ ಮೊದಲ ಹನ್ನೊಂದು ಅಮೈನೋ ಆಮ್ಲ. ಪೂರ್ತಿ ಆರ್ಕೋಕೈನಿನ್ ಹೀಗಿದೆ (ಒಂದೊಂದು ಅಕ್ಷರ ಒಂದೊಂದು ಅಮೈನೋ ಆಮ್ಲ, ಮೊದಲ ತುದಿ ತಲೆ, ಕೊನೆಯ ತುದಿ ಬಾಲ): ಎನ್-ಎಫ್-ಡಿ-ಇ-ಐ-ಡಿ-ಆರ್-ಎಸ್-ಜಿ-ಎಫ್-ಜಿ-ಎಫ್-ಎನ್. ಒಂದು ಪ್ರೋಟಾನ್ ಸೇರಿ ತೂಕ 1517.66. ಅದರಿಂದ ಕೊನೆಯ ಎಫ್ ಮತ್ತು ಎನ್ ಹೋದರೆ 1256.55 ಬರಬೇಕು. ಆದರೆ ಕಾಣುವುದು 1270.57. ಹೆಚ್ಚುವರಿ 14.02 ಎಲ್ಲಿಂದ ಬಂತು? ಬಾಲದಲ್ಲಿ ಒಂದು ಹೈಡ್ರೋಜನ್ ಹೋಗಿ ಅದರ ಜಾಗಕ್ಕೆ ಮೀಥೈಲ್ ಗುಂಪು ಬಂದರೆ ಹೆಚ್ಚುವ ತೂಕ ಅದು. ನೋಡಿದವರಿಗೆ ಯಾರಿಗಾದರೂ "ಅರೆ, ಹೊಸ ಥರದ ಪೆಪ್ಟೈಡ್" ಅನ್ನಿಸುತ್ತದೆ. ಬಾಲಕ್ಕೆ ಮೀಥೈಲ್ ಎಸ್ಟರ್ ಇರುವ ನ್ಯೂರೋಪೆಪ್ಟೈಡ್ ಅಂದರೆ ಸುದ್ದಿಯೇ ಅಲ್ವಾ?

2013ರಲ್ಲಿ ಸ್ಟೆಮ್ಲರ್ ಮತ್ತು ಜೊತೆಗಾರರು ಇದನ್ನು ಬಿಡಿಸಿ ಹೇಳಿದ್ದಾರೆ. ಮಾಮೂಲಿ ಮೆಥನಾಲ್ ಬದಲು ಡ್ಯುಟೀರಿಯಂ ಇರುವ ಮೆಥನಾಲ್ ಬಳಸಿದಾಗ ಪೀಕ್ ಮೂರು ಮಾನ ಮುಂದೆ ಹೋಯಿತು. ಅಂದರೆ ಆ ಮೀಥೈಲ್ ಬಂದಿದ್ದು ಲಾಬ್‌ಸ್ಟರ್‌ನಿಂದ ಅಲ್ಲ, ಬಾಟಲಿಯಿಂದ. ಇನ್ನೂ ಸೋಜಿಗದ ವಿಷಯ, ಇದು ಆಸಿಡ್ ತಾನಾಗಿ ಮಾಡಿದ ಎಸ್ಟರ್ ಕೂಡ ಅಲ್ಲ. ನರದಲ್ಲಿ ಉಳಿದಿದ್ದ ಪ್ರೋಟಿಯೇಸ್ ಕಿಣ್ವ ಪೆಪ್ಟೈಡನ್ನು ಕತ್ತರಿಸುವಾಗ ನೀರಿನ ಬದಲು ಮೆಥನಾಲನ್ನು ಹಿಡಿದುಕೊಳ್ಳುತ್ತದೆ. ಕಿಣ್ವ ತಡೆಯುವ ಮಿಶ್ರಣ ಹಾಕಿದರೆ ಕಡಿಮೆಯಾಯಿತು, ನರವನ್ನು ಮೊದಲೇ ಬಿಸಿ ಮಾಡಿದರೆ ನಿಂತೇಹೋಯಿತು. ಮೆಥನಾಲ್ ಸೋಕಿಸದೆ ನರವನ್ನು ನೇರ ಪ್ಲೇಟಿಗಿಟ್ಟಾಗ ಆ ಪೀಕ್ ಕಾಣಲೇ ಇಲ್ಲ.

ನಾನು ಮೂರು ದಾರಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದು ಇದಕ್ಕೇ. ಒಂದೇ ಪ್ರಾಣಿಯ ಎಡಗಣ್ಣಿನ ಕಾಂಡ ಒಂದು ದಾರಿಗೆ, ಬಲಗಣ್ಣಿನದು ಇನ್ನೊಂದಕ್ಕೆ. ಹೀಗೆ ಮಾಡಿದರೆ ಪ್ರಾಣಿಯಿಂದ ಪ್ರಾಣಿಗಿರುವ ವ್ಯತ್ಯಾಸ ಅಡ್ಡ ಬರುವುದಿಲ್ಲ. ಬಿಸಿ ಕೊಡದ ಕಡೆ 1270.57 ಎದ್ದು ಕಂಡಿತು. ಬಿಸಿ ಕೊಟ್ಟ ಕಡೆ ಆ ಜಾಗ ಬೋಳು. 1517.66 ಮಾತ್ರ ಎರಡೂ ಕಡೆ ಇತ್ತು. ಕಾಗದದಲ್ಲಿ ಓದುವುದು ಬೇರೆ, ಎರಡು ಸ್ಪೆಕ್ಟ್ರಮ್‌ಗಳನ್ನು ಒಂದರ ಕೆಳಗೊಂದು ಪರದೆಯ ಮೇಲೆ ನೋಡುವುದು ಬೇರೆ. ಅವತ್ತಿನಿಂದ ಬಿಸಿ ಕೊಡದೆ ಮೆಥನಾಲ್‌ಗೆ ಹಾಕಿದ ನರದಿಂದ ಬಂದ ಪಟ್ಟಿಯನ್ನು ನಾನು ಪೂರ್ತಿ ನಂಬುವುದಿಲ್ಲ.

ಬಿಸಿ ಕೊಡುವುದು ಹೇಗೆ? ಅದಕ್ಕೆಂದೇ ಮಾಡಿದ ಯಂತ್ರಗಳಿವೆ. ನರವನ್ನು ನಿರ್ವಾತದಲ್ಲಿ ಹಿಡಿದು ಕ್ಷಣದಲ್ಲಿ 95 ಡಿಗ್ರಿಗೆ ಏರಿಸುತ್ತವೆ. ಒಳ್ಳೆಯವೇ, ಆದರೆ ಬೆಲೆ ಜಾಸ್ತಿ. ಏಡಿಯ ನರಗಂಟು ಇರುವುದೇ ಚಿಟಿಕೆಯಷ್ಟು. ಕುದಿಯುವ ಹತ್ತಿರದ ನೀರು ಸ್ವಲ್ಪವೇ ಇರುವ ಟ್ಯೂಬಿಗೆ ಹಾಕಿ, ಬಿಸಿ ಬ್ಲಾಕಿನಲ್ಲಿ ಕೆಲವು ನಿಮಿಷ ಬಿಟ್ಟು, ತಕ್ಷಣ ಮಂಜುಗಡ್ಡೆಗೆ ಇಳಿಸಿದರೆ ನನ್ನ ಕೆಲಸಕ್ಕೆ ಸಾಕಾಗಿದೆ. ಆಸಿಡ್ ಆಮೇಲೆ ಸೇರಿಸಬೇಕು. ಆಸಿಡ್ ಇರುವಾಗಲೇ ಕುದಿಸಿದರೆ ಆಸ್ಪಾರ್ಟಿಕ್ ಆಸಿಡ್ ಮತ್ತು ಪ್ರೋಲಿನ್ ಜೊತೆಗಿರುವ ಜಾಗದಲ್ಲಿ ಪೆಪ್ಟೈಡ್ ತುಂಡಾಗುವ ಭಯ ಇದೆ. ಬಿಸಿಗೂ ತನ್ನದೇ ದೋಷ ಇದೆ. ತಲೆಯಲ್ಲಿ ಗ್ಲುಟಮಿನ್ ಇರುವ ಪೆಪ್ಟೈಡ್‌ಗಳು 17.03 ಕಳೆದುಕೊಂಡು, ತಲೆ ಉಂಗುರವಾಗಿ ಮುಚ್ಚಿದ ಪೈರೋ ರೂಪಕ್ಕೆ ತಿರುಗುವುದು ಬಿಸಿಯಲ್ಲಿ ಹೆಚ್ಚಾಗುತ್ತದೆ. ಏಡಿಗಳಲ್ಲಿ ಸಹಜವಾಗಿಯೇ ಪೈರೋ ತಲೆ ಇರುವ ಪೆಪ್ಟೈಡ್‌ಗಳು ಇರುವುದರಿಂದ ಇದು ಗೊಂದಲದ ಜಾಗ. ಅಂಥದ್ದು ಕಂಡರೆ ಬಿಸಿ ಇಲ್ಲದ ನೇರ ಪ್ಲೇಟಿನ ಜೊತೆ ತಾಳೆ ನೋಡಿ.

ಬಿಸಿ ಕೊಟ್ಟರೆ ಇನ್ನೊಂದು ಲಾಭ. ಬಿಸಿ ಕೊಡದ ನರದ ಎಲ್‌ಸಿ-ಎಂಎಸ್ (ದ್ರವದಲ್ಲಿ ಬೇರ್ಪಡಿಸಿ ಆಮೇಲೆ ತೂಗುವುದು) ರನ್ ತೆಗೆದರೆ ಆಕ್ಟಿನ್, ಹೀಮೋಸಯನಿನ್ ಇಂಥ ದೊಡ್ಡ ಪ್ರೋಟೀನುಗಳ ಮುರಿದ ಚೂರುಗಳು ಎಲ್ಲೆಲ್ಲೂ ಕಾಣುತ್ತವೆ. ಯಂತ್ರ ತನ್ನ ಸಮಯವನ್ನೆಲ್ಲ ಅವುಗಳನ್ನು ಒಡೆಯೋಕೆ ಖರ್ಚು ಮಾಡುತ್ತದೆ. ಬಿಸಿ ಕೊಟ್ಟದ್ದರಲ್ಲಿ ಆ ಕಸ ಕಡಿಮೆ. ಹಾಗಾಗಿ ಒಟ್ಟು ಪಟ್ಟಿ ಚಿಕ್ಕದಾಗಬಹುದು. ಚಿಕ್ಕ ಪಟ್ಟಿ ನೋಡಿ ಬೇಜಾರು ಪಟ್ಟುಕೊಳ್ಳಬೇಡಿ, ಕಡಿಮೆಯಾಗಿದ್ದು ಹೆಚ್ಚಾಗಿ ಕಸವೇ.

ಮೂರನೇ ದಾರಿ ನನಗೆ ತುಂಬಾ ಇಷ್ಟ. ನೇರ ಪ್ಲೇಟಿಗೆ. ಲಾಬ್‌ಸ್ಟರ್ ಕಣ್ಣಿನ ಕಾಂಡದ ಚಿಪ್ಪು ಬಿಡಿಸಿ ಸ್ಟೀರಿಯೋ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ನರಗಂಟಿನ ಮಗ್ಗುಲಲ್ಲಿ, ಹಾರ್ಮೋನು ಕೂಡಿಟ್ಟು ರಕ್ತಕ್ಕೆ ಬಿಡುವ ಸೈನಸ್ ಗ್ರಂಥಿ ಕಾಣುತ್ತದೆ. ದೀಪ ಓರೆಯಾಗಿ ಬೀಳಬೇಕು. ಆಗ ಅದು ನೀಲಿ ಬೆರೆತ ಬಿಳುಪಿನಲ್ಲಿ, ನೀರು ಸೇರಿಸಿದ ಹಾಲಿನ ಹನಿಯ ಹಾಗೆ ಹೊಳೆಯುತ್ತದೆ. ಸೂಕ್ಷ್ಮ ಚಿಮಟದಿಂದ ಒಂದು ಚೂರು ಹರಿದು, ನೀರು ಹೆಚ್ಚಿರುವ ತೆಳು ಡಿಎಚ್‌ಬಿ (ಲೇಸರ್ ಶಕ್ತಿ ಹೀರಿ ಪೆಪ್ಟೈಡನ್ನು ಎತ್ತುವ ರಾಸಾಯನಿಕ, ಅಂದರೆ ಮ್ಯಾಟ್ರಿಕ್ಸ್) ದ್ರಾವಣದಲ್ಲಿ ಒಂದು ಕ್ಷಣ ಅದ್ದಿ ತೆಗೆಯಬೇಕು. ಈ ಅದ್ದುವುದನ್ನು ಬಿಡಬಾರದು. ಏಡಿ ಸಲೈನ್‌ನಲ್ಲಿ ಸೋಡಿಯಂ ಕ್ಲೋರೈಡ್ ಒಂದೇ 440 ಮಿಲಿಮೋಲಾರ್ ಇರುತ್ತದೆ. ಅದು ಉಳಿದರೆ ಒಂದೊಂದು ಪೀಕಿನ ಪಕ್ಕದಲ್ಲೂ 21.98 ದೂರದಲ್ಲಿ ಸೋಡಿಯಂ ಪೀಕ್, 37.96 ದೂರದಲ್ಲಿ ಪೊಟ್ಯಾಸಿಯಂ ಪೀಕ್ ಎದ್ದು ನಿಜವಾದ ಪೀಕ್ ಸೊರಗುತ್ತದೆ. ಆದರೆ ಜಾಸ್ತಿ ಹೊತ್ತು ಅದ್ದಿದರೆ ಪೆಪ್ಟೈಡೂ ತೊಳೆದುಹೋಗುತ್ತದೆ. ಅದ್ದಿದ ಚೂರನ್ನು ಪ್ಲೇಟಿನ ಮೇಲೆ ಹರಡಿ, ಮೇಲೆ ಡಿಎಚ್‌ಬಿಯ ಸಣ್ಣ ಹನಿ ಹಾಕಿ ಒಣಗಲು ಬಿಡಬೇಕು. ಅಷ್ಟೇ.

ಎರಡು ಮ್ಯಾಟ್ರಿಕ್ಸ್‌ಗಳನ್ನೂ ಹೋಲಿಸಿ ನೋಡಿದ್ದೇನೆ. ಡಿಎಚ್‌ಬಿ ಒಣಗುವಾಗ ಅಂಚಿನಿಂದ ಒಳಮುಖವಾಗಿ ಉದ್ದುದ್ದ ಸೂಜಿ ಹರಳು ಕಟ್ಟುತ್ತದೆ. ಒಂದು ಹರಳಿನಲ್ಲಿ ಸಿಗ್ನಲ್ ಬೊಬ್ಬೆ ಹೊಡೆಯುತ್ತದೆ, ಪಕ್ಕದ್ದರಲ್ಲಿ ಏನೂ ಇರುವುದಿಲ್ಲ. ಲೇಸರ್ ಹಿಡಿದು ಹುಡುಕಬೇಕು. ಇನ್ನೊಂದು ಮ್ಯಾಟ್ರಿಕ್ಸ್ ಸಿಎಚ್‌ಸಿಎ ಸಣ್ಣ ಹರಳಾಗಿ ಒಂದೇ ಸಮ ಹರಡುತ್ತದೆ, ಎಲ್ಲಿ ಹೊಡೆದರೂ ಸುಮಾರಾಗಿ ಸಿಗ್ನಲ್ ಬರುತ್ತದೆ. ಹಾಗಿದ್ದರೂ ನೇರ ನರಕ್ಕೆ ನಾನು ಡಿಎಚ್‌ಬಿ ಕಡೆಗೇ. ಅದು ಉಪ್ಪನ್ನು ಜಾಸ್ತಿ ತಾಳಿಕೊಳ್ಳುತ್ತದೆ, ಪೆಪ್ಟೈಡನ್ನು ಮೃದುವಾಗಿ ಎತ್ತುತ್ತದೆ. ತೊಳೆದು ಶುದ್ಧ ಮಾಡಿದ ಎಚ್‌ಪಿಎಲ್‌ಸಿ ಭಾಗಗಳಿಗೆ ಸಿಎಚ್‌ಸಿಎ ಚೆನ್ನ.

ನೇರ ದಾರಿಯ ಬಲ ಏನೆಂದರೆ ತೀರಾ ಸಣ್ಣ ಗಂಟುಗಳಿಗೂ ಅದು ನಡೆಯುತ್ತದೆ. ಜೋನಾ ಏಡಿಯ ಹೊಟ್ಟೆಯ ನರಗಂಟಿನಲ್ಲಿ, ಅದೇ ಎಸ್‌ಟಿಜಿಯಲ್ಲಿ, ಇರುವುದು ಸುಮಾರು 26 ನ್ಯೂರಾನ್. ಬ್ರಾಂಡೈಸ್ ವಿಶ್ವವಿದ್ಯಾಲಯದ ಈವ್ ಮಾರ್ಡರ್ ಮತ್ತು ಜೊತೆಗಾರರು ದಶಕಗಳಿಂದ ಈ ಪುಟ್ಟ ಗಂಟನ್ನೇ ಹಿಡಿದು, ಪೆಪ್ಟೈಡ್‌ಗಳು ನರಜಾಲದ ತಾಳವನ್ನು ಹೇಗೆ ಬದಲಿಸುತ್ತವೆ ಅಂತ ತೋರಿಸಿದ್ದಾರೆ. ಅಂಥ ಗಂಟನ್ನು ಅರೆದು ಟ್ಯೂಬಿನಿಂದ ಟ್ಯೂಬಿಗೆ ದಾಟಿಸಿದರೆ ಪ್ಲಾಸ್ಟಿಕ್ ಗೋಡೆಗೇ ಅರ್ಧ ಅಂಟಿಹೋಗುತ್ತದೆ. ನೇರ ಪ್ಲೇಟಿಗಿಟ್ಟರೆ ಅದರಲ್ಲೇ ಟಾಕಿಕೈನಿನ್ ಗುಂಪಿನ ಕ್ಯಾಬ್‌ಟಿಆರ್‌ಪಿ 934.49ರಲ್ಲಿ ಕಾಣುತ್ತದೆ. ಪಕ್ಕದಲ್ಲಿ 950.49 ಕೂಡ ಇದ್ದರೆ ಗಾಬರಿ ಬೇಡ. ಅದರಲ್ಲಿರುವ ಮಥಿಯೋನಿನ್‌ಗೆ ಆಮ್ಲಜನಕ ಅಂಟಿರುವುದಷ್ಟೇ. ಮಾದರಿಯನ್ನು ಎಷ್ಟು ಹೊತ್ತು ಹೊರಗಿಟ್ಟಿದ್ದೀರಿ ಅನ್ನುವುದಕ್ಕೆ ಅದೇ ಒಂದು ಗುರುತು.

ದೌರ್ಬಲ್ಯವೂ ಇದೆ. ಸಿಗ್ನಲ್ ಕಮ್ಮಿ ಇರುವ ಪೆಪ್ಟೈಡ್‌ಗಳು ದೊಡ್ಡವರ ನೆರಳಲ್ಲಿ ಮುಚ್ಚಿಹೋಗುತ್ತವೆ. ಎಲ್ಲವೂ ಒಟ್ಟಿಗೆ ಹಾರುವುದರಿಂದ ಆರ್ಜಿನಿನ್ ಇರುವವು ಮುಂದೆ ಬರುತ್ತವೆ, ಇಲ್ಲದವು ಹಿಂದೆ ಉಳಿಯುತ್ತವೆ. 649.37ರ ಪ್ರೋಕ್ಟೋಲಿನ್‌ನಂಥ ಚಿಕ್ಕವುಗಳ ಜಾಗದಲ್ಲಿ ಮ್ಯಾಟ್ರಿಕ್ಸ್‌ನದೇ ಗುಂಪು ಪೀಕುಗಳು ಗದ್ದಲ ಮಾಡುತ್ತವೆ. ಮಾಲ್ಡಿ ಬಹುತೇಕ ಒಂದೇ ಚಾರ್ಜ್ ಕೊಡುವುದರಿಂದ ಚೂರು ಮಾಡಿ ಓದುವುದೂ ಕಷ್ಟ.

ಅಲ್ಲಿಗೆ ಎಲ್‌ಸಿ ಬೇಕು. 75 ಮೈಕ್ರಾನ್ ಒಳವ್ಯಾಸದ ಸಿ18 (ನೀರಿಗೆ ಒಗ್ಗದವನ್ನು ಹಿಡಿದಿಡುವ) ಕಾಲಮ್, ಎಲೆಕ್ಟ್ರೋಸ್ಪ್ರೇ (ದ್ರವವನ್ನು ಚಾರ್ಜ್ ಹೊತ್ತ ತುಂತುರು ಮಾಡುವುದು), ಆರ್ಬಿಟ್ರಾಪ್. ಅದೇ ಆರ್ಕೋಕೈನಿನ್ ಇಲ್ಲಿ ಎರಡು ಚಾರ್ಜ್ ಹೊತ್ತು 759.33ರಲ್ಲಿ ಬರುತ್ತದೆ, ಸಲೀಸಾಗಿ ಒಡೆಯುತ್ತದೆ, ಬಿ ಮತ್ತು ವೈ ಸಾಲುಗಳು (ತಲೆ ಕಡೆಯ ಮತ್ತು ಬಾಲದ ಕಡೆಯ ಚೂರುಗಳು) ಓದುವ ಹಾಗೆ ಬೀಳುತ್ತವೆ. ಆದರೆ ಇದಕ್ಕೆ ಮುಂಚೆ ಉಪ್ಪು ತೆಗೆಯಲು ಸಿ18 ತುದಿಯಲ್ಲಿ ತೊಳೆಯುತ್ತೇವಲ್ಲ, ಅಲ್ಲಿ ಪ್ರೋಕ್ಟೋಲಿನ್‌ನಂಥ ನೀರಿಗೆ ಒಗ್ಗುವ ಚಿಕ್ಕ ಪೆಪ್ಟೈಡ್‌ಗಳು ತೊಳೆದ ನೀರಿನ ಜೊತೆಗೇ ಜಾರಿಹೋಗಬಹುದು. ತೊಳೆದ ನೀರನ್ನು ಚೆಲ್ಲದೆ ಅದನ್ನೂ ಒಂದು ರನ್ ಹಾಕಿ. ಒಟ್ಟಾರೆ ಎರಡು ಯಂತ್ರದಲ್ಲಿ ಒಂದನ್ನೇ ಆರಿಸಿ ಅಂದರೆ, ಸೀಕ್ವೆನ್ಸ್ ಬೇಕಿದ್ದವರಿಗೆ ಎಲ್‌ಸಿ, ಯಾವ ಅಂಗದಲ್ಲಿ ಏನಿದೆ ಅನ್ನುವ ನಕ್ಷೆ ಬೇಕಿದ್ದವರಿಗೆ ಮಾಲ್ಡಿ.

ಹೆಸರು ಹಿಡಿಯುವ ಕೆಲಸದಲ್ಲಿ ಎರಡು ದಾರಿ. ಟ್ರಾನ್ಸ್‌ಕ್ರಿಪ್ಟೋಮ್‌ನಿಂದ (ಅಂಗಾಂಶದ ಆರ್‌ಎನ್‌ಎಗಳ ಪಟ್ಟಿಯಿಂದ) ಪೂರ್ವ ಪ್ರೋಟೀನುಗಳನ್ನು ಊಹಿಸಿ ಡೇಟಾಬೇಸ್ ಮಾಡಿ ಹುಡುಕುವುದು ಒಂದು, ಸ್ಪೆಕ್ಟ್ರಮ್ ಹಿಡಿದು ಕೈಯಿಂದಲೇ ಓದುವುದು ಇನ್ನೊಂದು. ಪ್ರೋಟಿಯೋಮಿಕ್ಸ್‌ನಿಂದ ಬಂದವರು ಅಭ್ಯಾಸಬಲದಿಂದ ಕತ್ತರಿಸಿದ ಕಿಣ್ವ ಟ್ರಿಪ್ಸಿನ್ ಅಂತ ಆರಿಸಿಬಿಡುತ್ತಾರೆ. ಇಲ್ಲಿ ಟ್ರಿಪ್ಸಿನ್ ಹಾಕಿರುವುದಿಲ್ಲ. ಕತ್ತರಿಸಿದ್ದು ಏಡಿಯೇ, ಲೈಸಿನ್ ಮತ್ತು ಆರ್ಜಿನಿನ್ ಜೋಡಿ ಇರುವ ಜಾಗದಲ್ಲಿ. ಆಮೇಲೆ ಬಾಲದ ಗ್ಲೈಸಿನ್ ಅಮೈಡ್ ಆಗಿ ತಿರುಗಿರುತ್ತದೆ. ಅಮೈಡ್ ಆದದ್ದು ಆಗದ್ದಕ್ಕಿಂತ 0.98 ಮಾತ್ರ ಹಗುರ. ಆ ಆಯ್ಕೆ ಹಾಕದೆ ಹುಡುಕಿದರೆ ಏಡಿಯ ಅನೇಕ ಪೆಪ್ಟೈಡ್ ಕುಟುಂಬಗಳು ಸಿಗುವುದೇ ಇಲ್ಲ. ಡೇಟಾಬೇಸ್ ವೇಗ, ಆದರೆ ಊಹಿಸಿದ್ದನ್ನು ಮಾತ್ರ ಅದು ಹುಡುಕುತ್ತದೆ. 1270.57ರಂಥ ವೇಷಧಾರಿಯನ್ನು ಅದು ಹಿಡಿಯುವುದಿಲ್ಲ.

ಕೈಯಿಂದ ಓದುವುದಕ್ಕೆ ಒಂದು ಒಳ್ಳೆಯ ನೆರವು ಫಾರ್ಮಾಲ್ಡಿಹೈಡ್ ಲೇಬಲ್. ಲಾಬ್‌ಸ್ಟರ್‌ನ ಸಿಫಾಮೈಡ್ ನೋಡಿ, ತೂಕ 1423.78. ಮಧ್ಯದಲ್ಲಿ ಲೈಸಿನ್ ಇದೆಯಾ, ಗ್ಲುಟಮಿನ್ ಇದೆಯಾ? ಎರಡಕ್ಕೂ ಇರುವ ವ್ಯತ್ಯಾಸ 0.036. ಅಯಾನು ಹಾರುವ ಸಮಯದಿಂದ ತೂಗುವ ಸಾಧಾರಣ ಟಿಒಎಫ್‌ನಲ್ಲಿ ಚೂರುಗಳನ್ನು ನೋಡಿ ಇದನ್ನು ಹೇಳೋಕಾಗುವುದಿಲ್ಲ. ಲೇಬಲ್ ಹಾಕಿದರೆ ತಲೆಗೆ 28.03 ಸೇರುತ್ತದೆ, ಲೈಸಿನ್ ಇದ್ದರೆ ಅದಕ್ಕೂ ಇನ್ನೊಂದು 28.03. ಪೀಕ್ 1479.85ಕ್ಕೆ ಹಾರಿದರೆ ಲೈಸಿನ್ ಇದೆ, ಮುಗೀತು. ಅಗ್ಗದ ರಾಸಾಯನಿಕ, ಬೇಗ ಆಗುವ ಕೆಲಸ. ಆದರೆ ಲ್ಯೂಸಿನ್ ಮತ್ತು ಐಸೋಲ್ಯೂಸಿನ್ ಎರಡರ ತೂಕವೂ 113.084. ಅಲ್ಲಿ ಲೇಬಲ್ ಉಪಯೋಗಕ್ಕೆ ಬಾರದು. ಜೀನ್ ಸೀಕ್ವೆನ್ಸ್ ನೋಡುವುದೇ ನಂಬಿಕೆಯ ದಾರಿ.

ರಕ್ತದ ಸಕ್ಕರೆ ಏರಿಸುವ ಸಿಎಚ್‌ಎಚ್‌ನಂಥ ದೊಡ್ಡ ಹಾರ್ಮೋನುಗಳಿಗೆ ಮೇಲಿನ ಯಾವುದೂ ಸಾಲದು. ಹಸಿರು ಏಡಿಯ ಸಿಎಚ್‌ಎಚ್‌ನಲ್ಲಿ 72 ಅಮೈನೋ ಆಮ್ಲ, ಮೂರು ಗಂಧಕ ಸೇತುವೆ. ಸೇತುವೆ ಬಿಡಿಸಿ, ಸಿಸ್ಟೀನ್‌ಗಳನ್ನು ಮುಚ್ಚಿ, ಆಮೇಲೆ ಓದಬೇಕು. ಗಂಧಕ ಸೇತುವೆ ಇರುವ ಪೆಪ್ಟೈಡ್ ಓದುವ ಕಲೆಗೆ ಬೆಂಗಳೂರಿನಲ್ಲಿ ಒಳ್ಳೆಯ ಪರಂಪರೆ ಇದೆ. ಐಐಎಸ್‌ಸಿಯಲ್ಲಿ ಪಿ. ಬಲರಾಂ ಮತ್ತು ಜೊತೆಗಾರರು ಕೋನ್ ಶಂಖದ ವಿಷದ ಪೆಪ್ಟೈಡ್‌ಗಳನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದಲೇ ಬಿಡಿಸಿದ್ದಾರೆ. ಸೀಗಡಿ ಮೇಲೆ ಕೆಲಸ ಮಾಡುವ ನಮ್ಮ ಕರಾವಳಿಯ ವಿದ್ಯಾರ್ಥಿಗಳು ಅದನ್ನು ಓದಬೇಕು. ಸೀಗಡಿ ಮರಿಕೇಂದ್ರಗಳಲ್ಲಿ ಹೆಣ್ಣು ಸೀಗಡಿಯ ಒಂದು ಕಣ್ಣಿನ ಕಾಂಡ ಕತ್ತರಿಸಿ ಮೊಟ್ಟೆ ಬೇಗ ಬರಿಸುತ್ತಾರಲ್ಲ, ಅಲ್ಲಿ ತೆಗೆದುಹಾಕುತ್ತಿರುವುದು ಇದೇ ಸೈನಸ್ ಗ್ರಂಥಿಯನ್ನು, ಅದರಲ್ಲಿರುವ ಸಿಎಚ್‌ಎಚ್ ಕುಟುಂಬದ, ಅಂಡಾಶಯವನ್ನು ತಡೆಯುವ ಹಾರ್ಮೋನನ್ನು. ಆ ಹಾರ್ಮೋನನ್ನು ಸರಿಯಾಗಿ ಅರಿತರೆ ಕಣ್ಣು ಕತ್ತರಿಸದೆಯೂ ದಾರಿ ಹುಡುಕಬಹುದು ಅನ್ನುವ ಆಸೆ ನನ್ನದು.

ಕೈಯಲ್ಲಿ ಹಣ ಕಡಿಮೆ ಇದ್ದವರು ಕೇಳಿದರೆ ನಾನು ಹೇಳುವುದು ಇಷ್ಟು. ಒಂದು ಕಣ್ಣಿನ ಕಾಂಡದ ಸೈನಸ್ ಗ್ರಂಥಿ ನೇರ ಮಾಲ್ಡಿ ಪ್ಲೇಟಿಗೆ ಹೋಗಲಿ. ಇನ್ನೊಂದು ಕಾಂಡಕ್ಕೆ ಬಿಸಿ, ಆಮೇಲೆ ಆಸಿಡ್ ಮೆಥನಾಲ್, ಅಲ್ಲಿಂದ ಎಲ್‌ಸಿ. ಎರಡರಲ್ಲೂ ಕಂಡ ತೂಕಗಳಿಗೆ ಮೊದಲು ಹೆಸರು ಹುಡುಕಿ. ಮೆಥನಾಲ್ ಕಡೆ ಮಾತ್ರ ಕಂಡು, ಗೊತ್ತಿರುವ ಯಾವುದೋ ತುಂಡಿಗಿಂತ 14.02 ಹೆಚ್ಚಿರುವ ಪೀಕ್ ಸಿಕ್ಕರೆ, ಲೇಖನ ಬರೆಯೋಕೆ ಕೂರುವ ಮೊದಲು ಡ್ಯುಟೀರಿಯಂ ಮೆಥನಾಲಿನ ಒಂದು ಚಿಕ್ಕ ಬಾಟಲಿ ತರಿಸಿ.